ಚೌಡಪ್ಪನ ಬಿಲ್ಲೆ

ಆಂಡರ್ಸನ್‌ಪೇಟೆ
ಸೋಮವಾರ

ನಿರ್ದೇಶಕರಾದ ರವಿಕಿರಣ್ ಅವರಿಗೆ,

ನಿಮ್ಮ ದೆವ್ವದ ಸಿನಿಮಾವನ್ನು ಮೊಮ್ಮಗಳು ನವ್ಯಳ ಜೊತೆ ಬಂಗಾರಪೇಟೆಯಲ್ಲಿ ನೋಡಿದೆ. ಗಣಿಯಲ್ಲಿ ಸತ್ತ ಗಂಡ ನೆಲದಡಿಯಿಂದ ತಟ್ಟುವುದು, ಹೆಂಡತಿ ಅವನಿಗೂ ತಟ್ಟೆ ಇಟ್ಟು ಕಾಯುವುದು, ಎಲ್ಲ ನೀವು ಮನೆಗೆ ಬಂದಿದ್ದಾಗ ನಾನು ಹೇಳಿದಂತೆಯೇ ಇತ್ತು. ನಿಜಕ್ಕೂ ನಡುಗಿದೆ.

ಕೊನೆಯ ಹತ್ತು ನಿಮಿಷದಲ್ಲಿ ಅವನ ನಂಬರಿನ ಹಿತ್ತಾಳೆ ಬಿಲ್ಲೆ ಅವಳ ಪೆಟ್ಟಿಗೆಯಲ್ಲಿ ಸಿಗುತ್ತದೆ. ಅವನು ಗಣಿಗೆ ಇಳಿದೇ ಇರಲಿಲ್ಲ, ಅವಳೇ ಕೊಂದಳು ಎಂದುಬಿಟ್ಟಿರಿ. ಜನ ಶಿಳ್ಳೆ ಹೊಡೆದರು.

ಗಣಿಗೆ ಇಳಿಯುವವರು ಬಿಲ್ಲೆಯನ್ನು ಮೇಲಿನ ಆಫೀಸಿನಲ್ಲಿ ಕೊಟ್ಟು ಇಳಿಯುತ್ತಿದ್ದರು, ಹತ್ತಿ ಬಂದು ವಾಪಸು ಪಡೆಯುತ್ತಿದ್ದರು. ನನ್ನ ಚೌಡಪ್ಪ ಹತ್ತಿ ಬರಲಿಲ್ಲ. ಮೇಲೆ ಉಳಿದ ಅವನ ಬಿಲ್ಲೆಯನ್ನು ಗಣಿಯವರು ನನ್ನ ಕೈಗೆ ಕೊಟ್ಟರು. ಇದನ್ನೂ ನಿಮಗೆ ಎರಡು ಸಲ ಹೇಳಿದ್ದೆ.

ಬಸ್ಸಿನಲ್ಲಿ ನವ್ಯ ಕೇಳಿದಳು: "ಅಜ್ಜೀ, ತಾತನ ಬಿಲ್ಲೆನೂ ನಿನ್ ಪೆಟ್ಗೆನಾಗೇ ಇತ್ತಲ್ವಾ?"

ನಡೆದದ್ದನ್ನು ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಅಂದಿನಿಂದ ನನ್ನ ಪಕ್ಕದಲ್ಲಿ ಮಲಗುತ್ತಿಲ್ಲ.

ಶೂಟಿಂಗಿಗೆಂದು ಒಯ್ದ ಬಿಲ್ಲೆಯನ್ನು ದಯವಿಟ್ಟು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ. ಜೊತೆಗೆ ಆ ಕೊನೆ ನೀವು ಕಟ್ಟಿದ ಕಥೆಯೆಂದು ನವ್ಯಳ ಹೆಸರಿಗೆ ಒಂದು ಸಾಲು ಬರೆಯಿರಿ. ಸಿನಿಮಾದವರು ಹೇಳಿದರೆ ಅವಳು ನಂಬುತ್ತಾಳೆ.

ಇಂತಿ,
ಚೌಡಪ್ಪನ ಹೆಂಡತಿ
ಗಂಗುಲಮ್ಮ