ತಾನಾಗಿ ಬಿಗಿಯಾಗುವ ತಂತಿ

ಮಾರ್ಚ್ 2, ಸಂಜೆ

ಮತ್ತೆ ಅದೇ ರಾಮಾಯಣ. ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಮಾವನ ಗಿಟಾರ್ ಟ್ಯೂನ್ ಮಾಡಿದ್ದೆ. ಫೋನಿನ ಟ್ಯೂನರಿನಲ್ಲಿ ಆರೂ ತಂತಿಗೆ ‘ಸರಿ’ ಎನ್ನುವ ಹಸಿರು ಬಂದಿತ್ತು. ಈಗ ಬಂದು ನೋಡಿದರೆ ಸಣ್ಣ ತಂತಿ ಮೂರೂ ತಪ್ಪು. ಮೈ ಉರಿಯಿತು.

“ನಿಲ್ತಾನೇ ಇಲ್ವಲ್ಲಮ್ಮ ಇದು” ಎಂದರು ಮಾವ. “ನಿನ್ನ ಕೈ ಕನ್ನಡಕದ ಸ್ಕ್ರೂಗೆ ಪಳಗಿರೋದು. ನೀನೇ ಏನಾದ್ರೂ ನೋಡು.”

ಕನ್ನಡಕದಂಗಡಿಯಲ್ಲಿ ದಿನವಿಡೀ ಕಣ್ಣಿಗೆ ಕಾಣದ ಸ್ಕ್ರೂ ತಿರುಗಿಸುವವಳು ನಾನು. ತಂತಿ ಬಿಗಿಯುವ ಆರು ಬಿರಡೆ ಯಾವ ಲೆಕ್ಕ! ಹದಿನೈದಕ್ಕೆ ಮಾವನ ಹಳೇ ಬ್ಯಾಂಡಿನವರೆಲ್ಲ ಸೇರಿ ನುಡಿಸುತ್ತಾರೆ. ಹಾಲ್ ಬುಕ್ ಆಗಿದೆ. ಒಂದು ಕಾಲಕ್ಕೆ ಹೋಟೆಲಿನಲ್ಲಿ ಜನ ಊಟ ಬಿಟ್ಟು ಕೇಳುತ್ತಿದ್ದರಂತೆ ಇವರನ್ನು. ಎಷ್ಟೋ ವರ್ಷದ ಮೇಲೆ ಮತ್ತೆ ವೇದಿಕೆ... ಈ ಹಾಳು ಪೆಟ್ಟಿಗೆ ಅವರ ಮಾನ ಕಳೆಯಬಾರದು.

ಮಾರ್ಚ್ 5

ಬಿರಡೆ ಬಿಚ್ಚಿ, ಎಣ್ಣೆ ಬಿಟ್ಟು, ಸ್ಕ್ರೂ ಬಿಗಿ ಮಾಡಿದೆ. ತಂತಿ ಕೂರುವ ಕಚ್ಚಿಗೆ ಪೆನ್ಸಿಲ್ ಪುಡಿ ಉಜ್ಜಿದೆ. ತಂತಿಯೂ ಹೊಸದು. ಬಿಸಿಲಿನ ಕಾಟವಿರಬೇಕೆಂದು ಕಿಟಕಿ ಪಕ್ಕದಿಂದ ಒಳಗೆ ಸಾಗಿಸಿದೆ. ಸಂಜೆ — ಮತ್ತೆ ಅದೇ.

“ನಿನಗಿಂತ ಚೆನ್ನಾಗಿ ಮುನಿಸ್ಕೊಳ್ಳುತ್ತೆ ಕಣೇ ಅದು” ಎಂದರು ನನ್ನವರು. ಹಲ್ಲು ಬೇರೆ ಕಿಸಿಯುತ್ತಾರೆ. ಎದ್ದು ಹೋಗಿ ಒಲೆ ಹಚ್ಚಿದೆ.

ಮಾರ್ಚ್ 6, ಊಟದ ಬಿಡುವು

ಒಂದು ವಿಷಯ ತಲೆ ಕೊರೆಯುತ್ತಿದೆ. ತಂತಿ ಸಡಿಲವಾಗುವುದು ಸರಿ, ಯಾರ ಮನೆಯಲ್ಲಾದರೂ ಆಗುತ್ತದೆ. ನಮ್ಮದು ಬಿಗಿಯಾಗುತ್ತಿದೆ, ಫೋನು ದಿನಾ ಸ್ವರ ಮೇಲೇರಿದೆ ಎಂದೇ ತೋರಿಸುತ್ತದೆ. ತಾನಾಗಿ ಹೇಗೆ ಬಿಗಿಯಾಗುತ್ತದೆ?

ಇದೇ ಗುಂಗಿನಲ್ಲಿ ಒಬ್ಬರ ಫ್ರೇಮಿಗೆ ಇನ್ನೊಬ್ಬರ ಗಾಜು ಕೂರಿಸಿಬಿಟ್ಟೆ. ಮಾಲೀಕರು ಗುರ್ ಎಂದರು. ತಲೆನೋವು ಎಂದು ಸುಳ್ಳು ಹೇಳಿ ಹೊರಟಿದ್ದೇನೆ.

ಅದೇ ದಿನ, ಸಂಜೆ

ಬಾಗಿಲಲ್ಲೇ ನಿಂತುಬಿಟ್ಟೆ. ಮಾವ ಮಂಚದ ಮೇಲೆ, ಗಿಟಾರ್ ತೊಡೆಯ ಮೇಲೆ. ತಂತಿ ಮೀಟುವುದು, ಬಿರಡೆ ತುಸು ತಿರುಗಿಸುವುದು. ಮತ್ತೆ ಮೀಟುವುದು, ಮತ್ತೆ ತಿರುಗಿಸುವುದು. ನನ್ನನ್ನು ಕಂಡು ಪೆಚ್ಚುಪೆಚ್ಚಾಗಿ ನಕ್ಕರು.

“ಸಿಕ್ಕಿಬಿದ್ದೆ ನೋಡು. ನೀನು ದಿನಾ ಸ್ವರ ಇಳಿಸಿಟ್ಟು ಹೋಗ್ತೀಯಮ್ಮ. ಪಾಪ, ಇಷ್ಟು ಕಷ್ಟಪಡ್ತಾಳೆ, ತಪ್ಪು ಅಂದ್ರೆ ಬೇಜಾರಾಗುತ್ತೆ ಅಂತ ಗಿಟಾರ್ ಮೇಲೆ ಹಾಕಿ, ನಾನೇ ಸರಿ ಮಾಡ್ಕೊಳ್ತಿದ್ದೆ.”

“ಈಗ ಸರಿ ಇದ್ಯಾ ಮಾವ?”

“ಕೇಳು!”

ನುಡಿಸಿದರು. ಹಲ್ಲು ಜುಮ್ಮೆನ್ನುವ ಅಪಸ್ವರ. ಅವರ ಮುಖದಲ್ಲಿ ಮಾತ್ರ ಎಂಥ ನೆಮ್ಮದಿ.

ಗಿಟಾರಿಗೆ ಏನೂ ಆಗಿಲ್ಲ. ಹೋದ ತಿಂಗಳ ಜ್ವರದಲ್ಲಿ ಕಿವಿ ಗುಂಯ್ ಅನ್ನುತ್ತಿದೆ ಎಂದಿದ್ದರು. ಹೋಗುತ್ತೆ ಬಿಡಿ ಎಂದು ನಾವೇ ಹೇಳಿ, ನಾವೇ ಮರೆತೆವು.

“ಚೆನ್ನಾಗಿದೆ ಮಾವ” ಎಂದುಬಿಟ್ಟೆ. ನನ್ನ ನಾಲಿಗೆ ಬಿದ್ದುಹೋಗಲಿ.

ಮಾರ್ಚ್ 8

“ಪ್ರೋಗ್ರಾಂ ಮುಗೀಲಿ, ಆಮೇಲೆ ನಿಧಾನಕ್ಕೆ ಹೇಳೋಣ” — ನನ್ನವರು. ನಾಲ್ಕು ಜನರ ಮುಂದೆ ನಗೆಪಾಟಲಾದ ಮೇಲೆ ಹೇಳುವುದೇನು, ಮಣ್ಣು?

ರಾತ್ರಿ ಊಟಕ್ಕೆ ಕೂತಾಗ ಮಾವನಿಗೆ ಹೇಳಿದೆ. ಫೋನ್ ಇಟ್ಟು ತೋರಿಸಿದೆ.

“ಜೀವಮಾನವೆಲ್ಲ ಅನ್ನ ಹಾಕಿದ ಕಿವಿ ಇದು. ನಿನ್ನ ಫೋನು ನನಗೆ ಪಾಠ ಹೇಳ್ಬೇಕಾ?”

ತಟ್ಟೆ ಬಿಟ್ಟು ಎದ್ದರು. ಮದುವೆಯಾಗಿ ಬಂದಾಗಿನಿಂದ ನನ್ನ ಮೇಲೆ ದನಿ ಎತ್ತಿದ್ದು ಇದೇ ಮೊದಲು. ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಮಾರ್ಚ್ 12

ಬ್ಯಾಂಡಿನ ಕೀಬೋರ್ಡ್ ಗೆಳೆಯ ಪ್ರಾಕ್ಟೀಸಿಗೆ ಮನೆಗೇ ಬಂದಿದ್ದರು. ಅವರ ಬೆರಳು ಮೇಲಿನ ಸ್ವರಗಳಿಗೆ ಹೋದದ್ದೇ ತಡ, ಮಾವ ಕೈ ಅಡ್ಡ ಹಿಡಿದರು.

“ಲೋ, ನಿನ್ನ ಕೀಬೋರ್ಡೂ ಇಳಿದುಹೋಗಿದೆಯಲ್ಲೋ.”

“ತಂತಿನೇ ಇಲ್ಲದ್ದು ಎಲ್ಲಿಂದ ಇಳಿಯುತ್ತೋ ಮಹರಾಯ!”

ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ನಗಲಿಲ್ಲ. ಅದೇ ಸ್ವರವನ್ನು ಇನ್ನೊಮ್ಮೆ ನುಡಿಸು ಎಂದರು. ಮತ್ತೊಮ್ಮೆ. ಆಮೇಲೆ ಗಿಟಾರನ್ನು ಮಂಚದ ಮೇಲೆ ಮಲಗಿಸಿ ನನ್ನ ಕಡೆ ನೋಡಿದರು. ಗೆದ್ದವಳು ನಾನೇ. ಯಾರಿಗೆ ಬೇಕಿತ್ತು ಈ ಗೆಲುವು.

ಮಾರ್ಚ್ 14

ಜ್ವರದಿಂದ ಒಳಕಿವಿಗೆ ಪೆಟ್ಟಾಗಿದೆ, ಮೇಲಿನ ಸ್ವರ ಇಳಿದ ಹಾಗೆ ಕೇಳುತ್ತದೆ ಎಂದರು ಕಿವಿ ಡಾಕ್ಟರು. ಸರಿಹೋಗಬಹುದು, ಹೋಗದೆಯೂ ಇರಬಹುದು. ನಾಳೆ ನುಡಿಸುವುದು ಬೇಡವೇ ಬೇಡ ಎಂದು ನನ್ನವರು ಹಟ ಹಿಡಿದರು. ಮನೆಗೆ ಬಂದು ಮೆಟ್ಟಿಲು ಹತ್ತುವಾಗ ಮಾವ ನನ್ನ ತೋಳು ಹಿಡಿದರು.

“ಬೆರಳಿಗೆ ಜಾಗ ಗೊತ್ತಮ್ಮ. ಕಿವಿ ನಿಂದು ಇಟ್ಕೊಳ್ಳೋಣ.”

ಮಾರ್ಚ್ 15, ವೇದಿಕೆಯ ಪಕ್ಕ

ಟ್ಯೂನ್ ಮಾಡಿ ಕೊಟ್ಟಿದ್ದೇನೆ. ಕೂರಲಾಗುತ್ತಿಲ್ಲ, ನಿಲ್ಲಲಾಗುತ್ತಿಲ್ಲ. ಬರೆಯದಿದ್ದರೆ ಉಗುರೆಲ್ಲ ಕಚ್ಚಿ ಮುಗಿಸುತ್ತೇನೆ.

ದೀಪ ಹತ್ತಿತು. ಮಾವ ಒಮ್ಮೆ ಮೀಟಿದರು. ಸರಿಯಾಗಿದೆ... ದೇವರೇ, ಬಂಗಾರದಂತಿದೆ. ಅವರ ಮುಖ ಮಾತ್ರ ಹುಳಿ ಕಚ್ಚಿದ ಹಾಗೆ. ಕೈ ಬಿರಡೆಗೆ ಹೋಯಿತು.

ಬೇಡ ಮಾವ.

ನನ್ನ ಕಡೆ ತಿರುಗಿದರು. ತಲೆಯಾಡಿಸಿದೆ — ಸರಿ ಇದೆ, ಸರಿ ಇದೆ.

ಕೈ ತೆಗೆದರು. ಕಣ್ಣು ಮುಚ್ಚಿದರು.

ಎಷ್ಟು ಚೆನ್ನಾಗಿ ನುಡಿಸುತ್ತಿದ್ದಾರೆ. ಒಂದು ಕೆಮ್ಮಿಲ್ಲ, ಪಿಸುಮಾತಿಲ್ಲ. ಇಲ್ಲಿರುವ ಎಲ್ಲರಿಗೂ ಸರಿಯಾಗಿ ಕೇಳುತ್ತಿದೆ, ಅವರೊಬ್ಬರಿಗೆ ಬಿಟ್ಟು.