ಹಗಲು ಹನ್ನೊಂದರ ಅಪ್‌ಗ್ರೇಡ್

ಗದಗ, ಗುರುವಾರ

ನಂದೀಶ ಅವರಿಗೆ,

ನಿಮ್ಮ ಸಂದೇಶ ಬಂತು. ಕೆಲಸ ಕಲಿಸಿದವನ ಬೆನ್ನಿಗೇ ಚೂರಿ ಹಾಕಿದೆ ಎಂದು ಬರೆದಿದ್ದೀರಿ. ಫೋನಿನಲ್ಲಿ ಎರಡು ಸಾಲು ಒತ್ತಿ ಮುಗಿಸುವಂಥ ಸಿಟ್ಟಲ್ಲ ನನ್ನದು. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ನೀವು ಕಲಿಸಿದ್ದು ಸುಳ್ಳಲ್ಲ. ಬೆಟಗೇರಿಯ ಅಂಗಡಿಯೊಂದರಲ್ಲಿ ಪ್ರಿಂಟರಿಗೆ ಶಾಯಿ ತುಂಬುತ್ತಿದ್ದವಳನ್ನು ಆಸ್ಪತ್ರೆಯ ಸರ್ವರ್ ಕೋಣೆಗೆ ಕರೆತಂದವರು ನೀವು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ನಾಲ್ಕೂ ಕಡೆಯ ನಮ್ಮ ದವಾಖಾನೆಗಳ ತಂತ್ರಾಂಶವನ್ನು ನೋಡಿಕೊಳ್ಳುವ ಆ ವರ್ಚುವಲ್ ಅಪ್ಲೈಯನ್ಸ್ ಅಂದರೇನು ಎಂದು ನಾನು ಕೇಳಿದಾಗ ನೀವು ನಗಲಿಲ್ಲ. ಅದು ದೊಡ್ಡ ಸರ್ವರಿನೊಳಗೆ ತಾನೇ ಬೇರೆ ಕಂಪ್ಯೂಟರ್ ಎಂಬಂತೆ ಓಡುವ ಯಂತ್ರ, ಕಣ್ಣಿಗೆ ಕಾಣುವುದಿಲ್ಲ, ಆದರೆ ಅದು ನಿಂತರೆ ನಾಲ್ಕೂ ಊರಲ್ಲಿ ಒಬ್ಬ ರೋಗಿಯ ದಾಖಲೆಯೂ ತೆರೆಯುವುದಿಲ್ಲ ಎಂದು ಬಿಡಿಸಿ ಹೇಳಿದಿರಿ. ಅಪ್‌ಗ್ರೇಡ್ ಮಾಡುವ ಮುಂಚೆ ಇದ್ದದ್ದನ್ನು ಇದ್ದ ಹಾಗೇ ನಕಲು ಮಾಡಿ ಸ್ನ್ಯಾಪ್‌ಶಾಟ್ ಇಟ್ಟುಕೊಳ್ಳಬೇಕು, ಕೆಟ್ಟರೆ ಅದಕ್ಕೆ ಮರಳಬಹುದು ಎಂದು ಹೇಳಿಕೊಟ್ಟವರೂ ನೀವೇ. ಗೊತ್ತಿಲ್ಲದವರು ತಪ್ಪು ಮಾಡಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಆ ಸೋಮವಾರ ಹೊರರೋಗಿಗಳ ಸಾಲು ಗೇಟಿನ ತನಕ ಇತ್ತು. ನಕಲು ಇಡಲು ಸರ್ವರಿನಲ್ಲಿ ಜಾಗವಿಲ್ಲ, ಹೊಸ ಡಿಸ್ಕ್ ಬರಲಿ, ಭಾನುವಾರ ಮಾಡೋಣ ಎಂದು ನಾನು ಎರಡು ಸಲ ಹೇಳಿದೆ. ಹೊಸ ಆವೃತ್ತಿಯನ್ನು ಮಂಗಳವಾರದ ಸಭೆಯಲ್ಲಿ ತೋರಿಸುತ್ತೇನೆಂದು ನೀವು ದವಾಖಾನೆ ನಡೆಸುವ ಟ್ರಸ್ಟಿನವರಿಗೆ ಮಾತು ಕೊಟ್ಟಾಗಿತ್ತು. ಜಾಗಕ್ಕಾಗಿ ಹಳೆಯ ನಕಲನ್ನೂ ಅಳಿಸಿದಿರಿ, ಹೊಸದನ್ನು ತೆಗೆಯಲೇ ಇಲ್ಲ. ಹನ್ನೊಂದು ದಾಟಿ ಹನ್ನೆರಡು ನಿಮಿಷಕ್ಕೆ ಗುಂಡಿ ಒತ್ತಿದಿರಿ. ಪರದೆಯ ಮೇಲೆ ಶೇಕಡಾ ಅರವತ್ತೆರಡಕ್ಕೆ ಬಂದು ನಿಂತ ಪಟ್ಟಿ ಮುಂದೆ ಸರಿಯಲಿಲ್ಲ. ತಾಳ್ಮೆ ಕೆಟ್ಟು ಯಂತ್ರವನ್ನೇ ಆರಿಸಿ ಹಚ್ಚಿದಿರಿ. ಅದು ಏಳಲಿಲ್ಲ.

ಶಾಖೆಗಳಿಗೆ ತಿಳಿಸೋಣ, ಹಳೆಯ ಕಾಗದದ ಫೈಲು ತೆಗೆದು ನೋಡಲಿ ಎಂದು ನಾನು ಫೋನಿಗೆ ಕೈ ಹಾಕಿದೆ. ನೀವು ರಿಸೀವರ್ ಮೇಲೆ ಅಂಗೈ ಒತ್ತಿದಿರಿ.

"ಯಾರಿಗೂ ಹೇಳಬ್ಯಾಡ. ಹತ್ತು ನಿಮಿಷದಾಗ ಏಳತೈತಿ."

ಅಷ್ಟರಲ್ಲಿ ಲಕ್ಷ್ಮೇಶ್ವರದಿಂದ ನರ್ಸ್ ಅಫ್ರೀನಳ ಫೋನ್ ಬಂತು. ದಾಖಲೆ ತೆರೆಯುತ್ತಿಲ್ಲ ಎಂದಳು. ನೆಟ್ ನಿಧಾನವಿದೆ, ಕಾಯಿರಿ ಎಂದಿರಿ. ಎಷ್ಟು ಸಲೀಸಾಗಿ ಅಂದಿರಿ!

ಅವಳು ಕಾದಳು. ಎದುರಿಗೆ ಅಡರಕಟ್ಟಿಯ ಸಾವಕ್ಕ, ದನದ ಮನೆಯಲ್ಲಿ ಜಾರಿಬಿದ್ದು ಸೊಂಟದ ನೋವಿಗೆ ಮಾತೂ ಆಡಲಾರದೆ ನರಳುತ್ತಿದ್ದಳು. ಎರಡು ವರ್ಷದ ಹಿಂದೆ ಒಂದು ನೋವಿನ ಇಂಜೆಕ್ಷನ್ ಅವಳ ಉಸಿರು ಕಟ್ಟಿಸಿತ್ತು. ಅದನ್ನು ಅವಳ ದಾಖಲೆಯಲ್ಲಿ ಕೆಂಪು ಅಕ್ಷರದಲ್ಲಿ ಬರೆದಿದ್ದೆವು. ಜೊತೆಗಿದ್ದ ಸೊಸೆ ಮನೆಗೆ ಬಂದು ಆರು ತಿಂಗಳಷ್ಟೇ. ಯಾವುದಾದರೂ ಔಷಧಿ ಒಗ್ಗುವುದಿಲ್ಲವೇ ಎಂದು ಅಫ್ರೀನ ಕೇಳಿದ್ದಕ್ಕೆ ಅಂಥದ್ದೇನೂ ಇಲ್ಲ ಎಂದಳು. ವೈದ್ಯರು ಅದೇ ಇಂಜೆಕ್ಷನ್ ಬರೆದರು, ಅಫ್ರೀನ ಚುಚ್ಚಿದಳು. ಸ್ವಲ್ಪ ಹೊತ್ತಿಗೆ ಸಾವಕ್ಕನ ಮುಖ ಊದಿ ಉಸಿರು ಸಿಕ್ಕಿಕೊಂಡಿತು. ಗದಗಿಗೆ ತಂದು ಐದು ದಿನ ಇಟ್ಟುಕೊಂಡ ಮೇಲೆ ಬದುಕಿದಳು. ಕೆಟ್ಟ ಯಂತ್ರವನ್ನು ರಿಪೇರಿ ಮಾಡಿ ಎಬ್ಬಿಸುವಷ್ಟರಲ್ಲಿ ನಿಮ್ಮ ಹತ್ತು ನಿಮಿಷ ಅಂದು ಮೂರೂವರೆ ತಾಸಾಗಿತ್ತು.

ಮರುದಿನ ನೀವು ವರದಿ ಬರೆದಿರಿ. ಇಡೀ ದಿನ ವ್ಯವಸ್ಥೆ ಸರಿಯಾಗಿತ್ತು, ನರ್ಸ್ ದಾಖಲೆ ತೆರೆದು ನೋಡಲಿಲ್ಲ ಎಂದು. ಕೆಳಗೆ ನನ್ನ ಹೆಸರಿಗೂ ಜಾಗ ಬಿಟ್ಟಿದ್ದಿರಿ.

"ಸಹಿ ಹಾಕು ಕಾಂಚನಾ. ಇಲ್ಲಂದ್ರ ನಾವಿಬ್ಬರೂ ಹೊರಗ."

ಹಾಕಿದೆ. ಹೆದರಿ ಹಾಕಿದೆ. ಆ ಮಧ್ಯಾಹ್ನವೇ ಅಫ್ರೀನಳನ್ನು ಕೆಲಸದಿಂದ ತೆಗೆದರು. ನನ್ನ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಈ ಕೈಗೇ ಸೇರಬೇಕು. ಅದರಿಂದ ನಿಮ್ಮ ಪಾಲೇನೂ ಕಡಿಮೆಯಾಗುವುದಿಲ್ಲ.

ಹನ್ನೊಂದು ದಿನ ಹೇಗೋ ಕಳೆದೆ. ಹನ್ನೆರಡನೆಯ ದಿನ ಅಡರಕಟ್ಟಿಗೆ ಹೋದೆ. ಸಾವಕ್ಕ ಕಟ್ಟೆಗೆ ಒರಗಿ ಜೋಳ ಹಸನು ಮಾಡುತ್ತಿದ್ದಳು. ದವಾಖಾನೆಯವಳು ಎಂದು ತಿಳಿದೊಡನೆ ಚಹಾ ಇಡಲು ಸೊಸೆಗೆ ಹೇಳಿ, ನಾನು ಬಾಯಿ ತೆರೆಯುವ ಮೊದಲೇ ತಾನೇ ಶುರು ಮಾಡಿದಳು.

"ಆ ಹುಡುಗಿಗೆ ಏನೂ ಅನಬ್ಯಾಡ್ರೆವ್ವ. ಗದಗ ಮುಟ್ಟೂತನಕ ನನ್ನ ಕೈ ಬಿಡಲಿಲ್ಲ ಆಕಿ."

ಅಲ್ಲಿಂದ ನೇರ ಸರ್ವರ್ ಕೋಣೆಗೆ ಬಂದೆ.

ಯಂತ್ರ ತನ್ನ ಪ್ರತಿ ಹೆಜ್ಜೆಯನ್ನೂ ಲಾಗ್ ಎಂಬ ದಿನಚರಿಯಲ್ಲಿ ತಾನೇ ಬರೆದುಕೊಳ್ಳುತ್ತದೆ ಎಂಬುದು ನಿಮಗೆ ಗೊತ್ತಿತ್ತು. ನಾನು ಅದನ್ನು ತೆಗೆದು ಯಾರಿಗೂ ತೋರಿಸಲಾರೆ ಎಂದುಕೊಂಡಿರಿ. ಹನ್ನೊಂದು ಹನ್ನೆರಡಕ್ಕೆ ಆರಂಭ, ಎರಡು ನಲವತ್ತೊಂದಕ್ಕೆ ಮತ್ತೆ ಚಾಲೂ. ನಡುವೆ ಯಾವ ಊರಿನ ಯಾವ ಕಂಪ್ಯೂಟರ್ ಎಷ್ಟು ಸಲ ಬಾಗಿಲು ಬಡಿದು ಮರಳಿತು ಎಂಬುದು ಅದನ್ನು ಹೊತ್ತ ದೊಡ್ಡ ಸರ್ವರಿನ ಲಾಗ್‌ನಲ್ಲಿತ್ತು. ಲಕ್ಷ್ಮೇಶ್ವರದಿಂದ ಹದಿನಾಲ್ಕು ಸಲ. ಅಫ್ರೀನ ನೋಡಲಿಲ್ಲ ಅಂದಿರಲ್ಲ, ಹದಿನಾಲ್ಕು ಸಲ ನೋಡಿದ್ದಾಳೆ. ಎರಡನ್ನೂ ಮುದ್ರಿಸಿ, ನಾನು ಸಹಿ ಹಾಕಿದ ವರದಿ ಸುಳ್ಳು ಎಂದು ಕೈಯಾರೆ ಬರೆದ ಕಾಗದ ಸೇರಿಸಿ ಟ್ರಸ್ಟಿನವರಿಗೆ ಕೊಟ್ಟೆ.

ನಿಮ್ಮನ್ನು ಮನೆಗೆ ಕಳಿಸಿದರು. ನಿಮ್ಮ ಕುರ್ಚಿಗಾಗಿ ನಾನು ಇದನ್ನೆಲ್ಲ ಮಾಡಿದೆ ಎಂದು ಊರೆಲ್ಲ ಹೇಳುತ್ತಿದ್ದೀರಂತೆ. ನನ್ನನ್ನೂ ಸರ್ವರ್ ಕೋಣೆಯಿಂದ ತೆಗೆದು ಚೀಟಿ ಬರೆಯುವ ಕೌಂಟರಿಗೆ ಹಾಕಿದ್ದಾರೆ. ಸರಿಯಾಗಿಯೇ ಮಾಡಿದ್ದಾರೆ. ಬಂದು ನೋಡಬಹುದು.

ಕಳೆದ ವಾರ ಅಫ್ರೀನಳನ್ನು ಮರಳಿ ಕರೆಯುವ ಪತ್ರವನ್ನು ನಾನೇ ಕೇಳಿ ಪಡೆದು ಲಕ್ಷ್ಮೇಶ್ವರಕ್ಕೆ ಒಯ್ದೆ. ಹೊಸ್ತಿಲಲ್ಲೇ ನಿಂತು ಓದಿದಳು, ಮಡಚಿದಳು, ಸೋಮವಾರದಿಂದ ಬರುತ್ತೇನೆಂದಳು. ನಗಲಿಲ್ಲ. ನಾನು ತಿರುಗಿ ಹೊರಟಾಗ ಮೆಲ್ಲಗೆ ಕೇಳಿದಳು.

"ಅಕ್ಕಾ, ಅವತ್ತ ನೀನರ ನನಗೊಂದು ಫೋನ್ ಮಾಡಬೇಕಿತ್ತಲ್ಲ?"

ನಾನು ಬಸ್ಸಿಗೆ ನಡೆದೆ.

ಕ್ಷಮೆ ಕೇಳುವ ಮನಸ್ಸಾದರೆ ಅಡರಕಟ್ಟಿಯ ಬಸ್ಸು ಹತ್ತಿ, ಬರುವಾಗ ಲಕ್ಷ್ಮೇಶ್ವರದಲ್ಲಿ ಇಳಿಯಿರಿ. ನನಗೆ ಇನ್ನು ಬರೆಯಬೇಡಿ. ನಿಮಗೆ ಬೇರೆಲ್ಲಾದರೂ ಕೆಲಸ ಸಿಗಲಿ, ಹೊಟ್ಟೆ ತಣ್ಣಗಿರಲಿ. ಅಲ್ಲೊಬ್ಬಳು ನಿಮ್ಮ ಕೈಕೆಳಗೆ ಕಲಿಯಲು ಬಂದರೆ, ಬೇಡ ಎಂದು ಎರಡು ಸಲ ಹೇಳಿ ಅವಳು ನನ್ನಂತೆ ಸುಮ್ಮನಾಗದಿರಲಿ.

ನಿಮ್ಮಿಂದ ಕೆಲಸ ಕಲಿತ,
ಕಾಂಚನಾ