ಮೂರನೇ ಕಾರಣ

ವೃದ್ಧಾಶ್ರಮದ ಕಚೇರಿ ಕೋಣೆಯಿಂದ,
ಬುಧವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಡಾಕ್ಟರು ಬೇಡವೆಂದ ಮೇಲೂ ಸ್ಕೂಲಿನಲ್ಲಿ ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿ ಇಳಿಯುತ್ತೀಯಂತೆ. ಭಾವನವರು ಫೋನಿನಲ್ಲಿ ದೂರು ಹೇಳಿದರು. ನಾನು ಹೇಳಿಬಿಟ್ಟೆ ಎಂದು ಪಾಪ ಅವರ ಮೇಲೆ ಹಾರಿ ಬೀಳಬೇಡ. ನಾನು ಚೆನ್ನಾಗಿದ್ದೇನೆ. ಅಮ್ಮನೂ ಚೆನ್ನಾಗಿದ್ದಾಳೆ, ಬಾಯಂತೂ ಇನ್ನೂ ಚೆನ್ನಾಗಿದೆ. ಮೊನ್ನೆ ನನ್ನ ಅಂಗಿಯ ಗುಂಡಿ ಕಿತ್ತುಹೋಗಿದ್ದನ್ನು ನೋಡಿ, "ಐವತ್ತೆರಡು ವರ್ಷ ಆಯ್ತು, ಇನ್ನೂ ನೆಟ್ಟಗೆ ಒಂದು ಅಂಗಿ ಹಾಕ್ಕೊಳ್ಳೋಕೆ ಬರಲ್ಲ ಇವನಿಗೆ" ಎಂದು ಊಟದ ಹಾಲಿನಲ್ಲಿ ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದಳು. ಆಯಾಗಳಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ತಾನೇ ಗುಂಡಿ ಹೊಲಿದುಕೊಟ್ಟಳು, ಸೂಜಿಗೆ ದಾರ ಪೋಣಿಸುವುದಕ್ಕೆ ಮಾತ್ರ ನಾನು ಬೇಕಾಯಿತು.

ಮ್ಯಾನೇಜರ್ ಕಳಿಸಿದ ಕಾಗದ, ಜೊತೆಗೆ ಅಮ್ಮ ದಿನವೂ ಹೊರಗೆ ಹೋದದ್ದು ಬಿಟ್ಟದ್ದರ ಪಟ್ಟಿ, ನಿನ್ನ ಕೈಗೆ ಬಂದಿದೆ ಎಂದು ಗೊತ್ತಾಯಿತು. ಅಮ್ಮನನ್ನು ಕೆಳಗಿನ ತೋಟದ ಕಡೆಯ ಕೋಣೆಯಿಂದ ಮೂರನೇ ಮಹಡಿಗೆ ಸಾಗಿಸಲು ಈ ತಿಂಗಳ ಕೊನೆಯೊಳಗೆ ನಿನ್ನ ಸಹಿ ಬೇಕಂತೆ. ನೀನು ದೊಡ್ಡ ಮಗಳು, ಎಲ್ಲ ಕಾಗದದಲ್ಲೂ ನಿನ್ನ ಹೆಸರೇ ಇರುವುದು, ಇಲ್ಲಿನ ನೌಕರನಾದ ನನ್ನನ್ನು ಯಾರು ಕೇಳುತ್ತಾರೆ! ತೋಟದ ಕಡೆ ಇರುವುದು ಎಂಟೇ ಕೋಣೆ. ಹೊರಗೆ ಹೋಗುವ ಆಸೆ ಇರುವವರಿಗೆ ಅವು ಸಿಗಲಿ, ಹೊರಗೇ ಬೇಡ ಎನ್ನುವವರಿಗೆ ಯಾಕೆ ಎಂಬುದು ಮ್ಯಾನೇಜರ್ ವಾದ. ಮೇಲಿನ ಕೋಣೆ ದೊಡ್ಡದು, ಅದು ಸುಳ್ಳಲ್ಲ. ಆದರೆ ಲಿಫ್ಟಿಗೆ ಸದಾ ಬೀಗ. ಮೇಲೆ ಹೋದವರು ಕೆಳಗೆ ಬಂದದ್ದನ್ನು ಈ ಎರಡು ವರ್ಷದಲ್ಲಿ ನಾನು ನೋಡಿರುವುದು ಆಂಬುಲೆನ್ಸ್ ಬಂದಾಗ ಮಾತ್ರ. ಇದನ್ನೆಲ್ಲ ಫೋನಿನಲ್ಲಿ ಹೇಳೋಣ ಎಂದುಕೊಳ್ಳುವಷ್ಟರಲ್ಲಿ ನೀನು, "ಹೋದ ತಿಂಗಳು ಹತ್ತೊಂಬತ್ತು ದಿನ ಬೇಡ ಅಂದಿದಾಳೆ, ಪಟ್ಟಿಲೇ ಇದೆಯಲ್ಲೋ. ಅವಳಿಗೇ ಬೇಡದಿದ್ರೆ ನಾವ್ಯಾಕೆ ಹಟ ಹಿಡಿಯೋದು?" ಎಂದುಬಿಟ್ಟೆ. ನಾನು ಹೂಂ ಎಂದೆ. ಅಷ್ಟೇ ಹೇಳಿ ಫೋನು ಇಟ್ಟೆ.

ಪಟ್ಟಿ ಬರೆಯುವವನು ನಾನು ಎಂಬುದು ನಿನಗೆ ಗೊತ್ತು, ಹೇಗೆ ಬರೆಯುತ್ತೇನೆ ಎಂಬುದು ಗೊತ್ತಿಲ್ಲ. ಆರು ತಿಂಗಳ ಹಿಂದೆ ತಪಾಸಣೆಗೆ ಒಬ್ಬರು ಮೇಡಂ ಬಂದಿದ್ದರು. ಅಲ್ಲಿಯವರೆಗೆ ನಾವು ಜಗಲಿಯಲ್ಲಿ ಕೂತಿದ್ದನ್ನೂ, ಅಷ್ಟೇಕೆ, ತೆರೆದ ಕಿಟಕಿಯ ಪಕ್ಕ ಕೂತಿದ್ದನ್ನೂ ಹೊರಗೆ ಕಳೆದ ಹೊತ್ತು ಎಂದೇ ಬರೆಯುತ್ತಿದ್ದೆವು. ಆಕೆ ಪುಸ್ತಕ ತಿರುವಿ ಹಾಕಿ, "ತಲೆ ಮೇಲೆ ಆಕಾಶ ಇರ್ಬೇಕು ಸ್ವಾಮಿ, ಸೂರಲ್ಲ" ಎಂದು ಮುಖದ ಮೇಲೆ ಹೊಡೆದಂತೆ ಹೇಳಿದರು. ಅಂದಿನಿಂದ ಪ್ರತಿಯೊಬ್ಬರಿಗೂ ದಿನಕ್ಕೊಂದು ಸಾಲು: ಹೊಸ್ತಿಲು ದಾಟಿದ ಸಮಯ, ಒಳಗೆ ಬಂದ ಸಮಯ, ನಡೆದರೋ, ಗಾಲಿಕುರ್ಚಿಯೋ. ಇಪ್ಪತ್ತು ನಿಮಿಷಕ್ಕೆ ಕಡಿಮೆಯಾದರೆ ಕಾರಣದ ಸಂಖ್ಯೆ ಹಾಕಬೇಕು. ಒಂದು ಎಂದರೆ ಮಳೆ, ಎರಡು ಎಂದರೆ ಕಾಯಿಲೆ, ಮೂರು ಎಂದರೆ ಅವರೇ ಬೇಡ ಎಂದರು. ಮುಗಿಯಿತು, ನಾಲ್ಕು ಎಂಬುದೇ ಇಲ್ಲ. ಇಲ್ಲಿರುವುದು ಮೂವತ್ತೊಂದು ಜನ, ಮಧ್ಯಾಹ್ನದ ಪಾಳಿಗೆ ಹಿಂದೆ ನಾಲ್ವರು ಆಯಾಗಳಿದ್ದರು, ಈಗ ಇಬ್ಬರೇ. ಕೈ ಹಿಡಿದುಕೊಳ್ಳುವವರಿಲ್ಲದೆ ಯಾರೂ ಹೊಸ್ತಿಲು ದಾಟಕೂಡದು ಎಂಬ ನಿಯಮ ಬೇರೆ. ಕರೆದುಕೊಂಡು ಹೋಗಲು ಜನವೇ ಇಲ್ಲದ ದಿನ ಏನು ಬರೆಯಲಿ ಎಂದು ಮ್ಯಾನೇಜರನ್ನು ಕೇಳಿದೆ. ತಲೆ ಎತ್ತದೆಯೇ, "ಮೂರು ಹಾಕ್ರಿ, ಯಾರು ಬಂದು ಕೇಳ್ತಾರೆ" ಎಂದರು.

ಹಾಕಿದೆ ಅಕ್ಕಾ. ಎರಡನೇ ವಾರಕ್ಕೆ ಅಭ್ಯಾಸವೂ ಆಯಿತು. ಆರನೇ ಕೋಣೆಯಲ್ಲಿದ್ದ ಟೈಲರ್ ತಾತ ಬೆಳಿಗ್ಗೆಯಿಂದ ಟೋಪಿ ಹಾಕಿಕೊಂಡು ಕಾಯುತ್ತಿದ್ದವರು. ಅವರ ಸಾಲಿನಲ್ಲೂ ಮೂರು, ಮೂರು, ಮೂರು. ಹೋದ ತಿಂಗಳು ಅವರನ್ನು ಮೇಲಕ್ಕೆ ಸಾಗಿಸಿದರು. ಅವರ ಮಗ ನನ್ನ ಕೈ ಕುಲುಕಿ, "ಎಷ್ಟು ಅಚ್ಚುಕಟ್ಟಾಗಿ ಬರೆದಿಟ್ಟಿದೀರಿ ಸಾರ್" ಎಂದ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ನೀನು ಬೈಯುವುದಕ್ಕೆ ಮೊದಲೇ ನಾನೇ ಬೈದುಕೊಂಡಿದ್ದೇನೆ.

ಸ್ವಂತ ಮಗನೇ ಅಲ್ಲಿದ್ದಾನೆ, ಅಮ್ಮನಿಗೇನು ಕಮ್ಮಿ ಎಂದು ನೀನು ಎಲ್ಲರ ಹತ್ತಿರ ಹೇಳಿಕೊಳ್ಳುತ್ತೀಯ. ಆದರೆ ನಾಲ್ಕರಿಂದ ಐದು, ಬಿಸಿಲು ಹಿತವಾಗಿರುವ ಆ ಒಂದೇ ಗಂಟೆಯಲ್ಲಿ, ನಾನು ಪಟ್ಟಿ ತುಂಬಿಸಿ ಕೊಡಬೇಕು. ಅವರಿವರು ಹೊರಗಿದ್ದ ನಿಮಿಷ ಬರೆಯುತ್ತ ನಾನು ಒಳಗೆ, ಗಾಜಿನ ಬಾಗಿಲಿನ ಪಕ್ಕದ ಕುರ್ಚಿಯಲ್ಲಿ ಅಮ್ಮನೂ ಒಳಗೆ. ಒಂದು ಸಲ, "ಏನೋ ಅದು, ಅಷ್ಟೊಂದು ಬರೀತೀಯ?" ಎಂದು ಕೇಳಿದಳು. ಆಫೀಸಿನ ಕೆಲಸ ಎಂದೆ. ಕಳೆದ ಭಾನುವಾರ ನೀನೇ ಅವಳನ್ನು ಫೋನಿನಲ್ಲಿ, ಯಾಕಮ್ಮಾ ಹೊರಗೆ ಹೋಗಲ್ಲವಂತೆ ಎಂದು ಗದರಿದೆಯಲ್ಲ, ಆಗ ಅವಳು ನನ್ನ ಮುಖ ನೋಡಿದಳು. ನೋಡಿ, "ಮನಸ್ಸು ಬರಲ್ಲ ಕಣಮ್ಮಾ" ಎಂದಳು. ಅವಳು ನನ್ನನ್ನು ಕಾಪಾಡಿದ್ದು ನಿನಗೆ ಹೇಗೆ ತಿಳಿಯಬೇಕು. ನಾನು ಫೋನು ಇಸಿದುಕೊಂಡು ಮಾತು ಬದಲಿಸಿದೆ.

ಇನ್ನೇನು ಬರೆಯಲಿ? ನನ್ನ ತಲೆ ಓಡುತ್ತಿಲ್ಲ. ಭಾವನವರಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ಆಶೀರ್ವಾದ. ಮಂಡಿಗೆ ಬಿಸಿನೀರಿನ ಶಾಖ ಕೊಡುವುದನ್ನು ಬಿಡಬೇಡ.

ನಿನ್ನ ಪೆದ್ದು ತಮ್ಮ,
ಪುಟ್ಟು

ಅಂಟಿಸಿದ ಕವರನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಸಹಿ ಹಾಕಬೇಡ ಅಕ್ಕಾ. ಸುತ್ತಿ ಬಳಸಿ ಹೇಳಿದರೆ ನೀನು ಹೇಗೋ ಅರ್ಥ ಮಾಡಿಕೊಳ್ಳುತ್ತೀಯ ಎಂದು ತಪ್ಪಿಸಿಕೊಂಡೆ, ಈಗ ನೇರವಾಗಿ ಹೇಳುತ್ತೇನೆ. ಆ ಹತ್ತೊಂಬತ್ತು ದಿನವೂ ಅಮ್ಮ ಬೇಡ ಎನ್ನಲಿಲ್ಲ. ಅವಳನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇಷ್ಟನ್ನೂ ಮ್ಯಾನೇಜರಿಗೆ, ಆ ತಪಾಸಣೆಯ ಮೇಡಂಗೆ ಬರೆದು ಕೊಡುತ್ತೇನೆ, ಕೆಲಸ ಹೋದರೆ ಹೋಗಲಿ. ಈಗಷ್ಟೇ ಅವಳ ಕೋಣೆಗೆ ಹೋಗಿ, "ಅಮ್ಮಾ, ಹೊರಗೆ ಹೋಗೋಣ್ವಾ?" ಎಂದೆ. ನಾನು ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು. "ಬೇಡ ಕಣೋ, ನಿಂಗೆ ಬರೆಯೋದಿರುತ್ತೆ" ಎಂದಳು. ಹಾಗೆನ್ನುತ್ತಲೇ ಮಂಚದ ಕೆಳಗೆ ಕಾಲಾಡಿಸಿ ಚಪ್ಪಲಿ ಹುಡುಕುತ್ತಿದ್ದಳು.